ಬಾವಿ ಬರಿದು, ಬುಕ್ಕು ಭರ್ತಿ

ಮುಂಬೈಯಿಂದ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ, ಅರಬ್ಬಿ ಸಮುದ್ರದ ತಳದಲ್ಲಿ ವಾಸ. ಹೆಸರು ಮುಂಬೈ ಹೈ, ಕಸುಬು ಎಣ್ಣೆ ಕೊಡುವುದು. ಮಾತು ಸ್ವಲ್ಪ ಖಾರ.

ಆರೋಗ್ಯ ಹೇಗಿದೆ ಅಜ್ಜೀ?

ಏನು ಹೇಳಲಪ್ಪ. 1974ರಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಬಂದು ಕೊರೆದಾಗ ದೇಶವೇ ಕುಣಿಯಿತು. 1976ರಿಂದ ಕೊಡುತ್ತಲೇ ಇದ್ದೇನೆ. ಈಗ ಒಳಕ್ಕೆ ನೀರು ತಳ್ಳಿ ಎಣ್ಣೆ ಎಬ್ಬಿಸುತ್ತಾರೆ. ವಯಸ್ಸಾಯಿತು ಅನ್ನುವುದಕ್ಕೆ ಇನ್ನೇನು ಬೇಕು?

ನೀವು ಕೊಟ್ಟಿದ್ದೆಲ್ಲ ಜಿಡಿಪಿಗೆ ಸೇರಿದೆಯಲ್ಲ?

ಸೇರಿದೆ. ನನ್ನಿಂದ ಹೋದದ್ದು ಯಾವ ಪುಟದಲ್ಲಿದೆ ತೋರಿಸು! ರಿಗ್ಗಿಗೆ ತುಕ್ಕು ಹಿಡಿದರೆ ಸವಕಳಿ ಕಳೆಯುತ್ತಾರೆ. ಪೈಪಿಗೆ ಸವಕಳಿ, ಹೆಲಿಕಾಪ್ಟರಿಗೆ ಸವಕಳಿ, ಸಾಹೇಬರ ಕುರ್ಚಿಗೂ ಸವಕಳಿ. ನನಗೆ ಮಾತ್ರ ಇಲ್ಲ. ಮನೆಯ ತೊಲೆ ಕಿತ್ತು ಮಾರಿದವನು ಈ ತಿಂಗಳು ಸಂಬಳ ಜಾಸ್ತಿ ಬಂತು ಅಂದ ಹಾಗಾಯಿತು.

ನಷ್ಟ ಅಳೆಯುವ ದಾರಿ ಇಲ್ಲವೇ?

ಇಲ್ಲದೆ ಏನು? ಸಲಾ ಎಲ್ ಸೆರಾಫಿ ಅಂತ, ವಿಶ್ವಬ್ಯಾಂಕಿನಲ್ಲಿದ್ದ ಈಜಿಪ್ಟಿನ ಅರ್ಥಶಾಸ್ತ್ರಜ್ಞ. ಎಣ್ಣೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ಎತ್ತಿಟ್ಟು ಬಡ್ಡಿಗೆ ಬಿಡಬೇಕು, ಎಣ್ಣೆ ಮುಗಿದ ಮೇಲೂ ಅಷ್ಟೇ ವರಮಾನ ಬರುತ್ತಿರಬೇಕು, ಎತ್ತಿಟ್ಟದ್ದು ಆದಾಯವಲ್ಲ, ಬಂಡವಾಳ ಅಂದ. ಹತ್ತು ವರ್ಷದ ಎಣ್ಣೆ ಉಳಿದಿದ್ದು ಬಡ್ಡಿ ಶೇ. 5 ಇದ್ದರೆ, ಖರ್ಚು ಕಳೆದು ಉಳಿದ ನೂರು ರೂಪಾಯಿಯಲ್ಲಿ 58 ಬಂಡವಾಳ. ಕೈಗೆ ಸಿಗುವುದು 42.

ಅಚ್ಚುಕಟ್ಟಾದ ಲೆಕ್ಕ!

ತಾಳು. ಬಡ್ಡಿ ಶೇ. 10 ಅಂತ ಬರೆದುಕೋ. ಬಂಡವಾಳದ ಪಾಲು 35ಕ್ಕೆ ಇಳಿಯಿತು. ಒಂದು ಹನಿಯೂ ವಾಪಸ್ ಬಂದಿಲ್ಲ, ನನ್ನ ನಷ್ಟ ಮಾತ್ರ ಕರಗಿತು! ಇನ್ನು ಆ ‘ಹತ್ತು ವರ್ಷ’? ಎಣ್ಣೆಯ ಬೆಲೆ ಏರಿದರೆ, ಖರ್ಚು ಗಿಟ್ಟುವುದಿಲ್ಲ ಎಂದು ಬಿಟ್ಟಿದ್ದ ಎಣ್ಣೆಯೂ ನಿಕ್ಷೇಪಕ್ಕೆ ಸೇರಿ ನನ್ನ ಆಯಸ್ಸು ಹೆಚ್ಚುತ್ತದೆ. ಬೆಲೆ ಬಿದ್ದರೆ ಅಲ್ಪಾಯುಷಿ. ನನ್ನ ಜಾತಕ ಬರೆಯುವುದು ಮಾರುಕಟ್ಟೆ.

ಯಾವ ದೇಶವೂ ಇದನ್ನು ಲೆಕ್ಕ ಹಾಕಿ ನೋಡಿಲ್ಲವೇ?

ಇಂಡೋನೇಷ್ಯಾದ್ದನ್ನು 1989ರಲ್ಲಿ ರಾಬರ್ಟ್ ರೆಪೆಟ್ಟೊ ತಂಡ ಹಾಕಿತು. 1971ರಿಂದ 84ರವರೆಗೆ ವರ್ಷಕ್ಕೆ ಶೇ. 7.1 ಬೆಳೆದಿದ್ದೇವೆ ಅಂತ ಆ ದೇಶ ಬೀಗುತ್ತಿತ್ತು. ಎಣ್ಣೆ, ಕಾಡು, ಮಣ್ಣು ಹೋದದ್ದನ್ನು ಕಳೆದಾಗ ಉಳಿದದ್ದು 4. ಹಾಗಂತ ಅದೂ ಶುದ್ಧ ಲೆಕ್ಕವಲ್ಲ. ಎಣ್ಣೆ ನಿಕ್ಷೇಪದ ಮೌಲ್ಯ ಜಿಗಿದ ವರ್ಷ ಆದಾಯವೂ ಜಿಗಿದು ಜಿಡಿಪಿಯನ್ನೇ ದಾಟಿತ್ತು. ಎಣ್ಣೆ ಇನ್ನೂ ನೆಲದಡಿಯೇ ಇತ್ತು!

ನಾರ್ವೆಯವರು ಜಾಣರು ಅನ್ನುತ್ತಾರೆ.

ಎಣ್ಣೆ ದುಡ್ಡು ಕೂಡಿಡುವ ನಿಧಿಗೆ 1990ರಲ್ಲಿ ಕಾನೂನು, 1996ರಲ್ಲಿ ಮೊದಲ ಜಮೆ. ಈಗ ವರ್ಷಕ್ಕೆ ಆ ನಿಧಿಯ ಸುಮಾರು ಶೇ. 3ರಷ್ಟು ಮಾತ್ರ ಖರ್ಚು ಮಾಡುವುದು ಅವರ ನಿಯಮ. ನಮ್ಮಲ್ಲೂ ಕಾನೂನಿಗೆ ಬರವಿಲ್ಲ. ತೈಲೋದ್ಯಮದ ಅಭಿವೃದ್ಧಿಗೆ ಅಂತಲೇ 1974ರಲ್ಲಿ ಸೆಸ್ ಹಾಕಿದರು. ಅದರ ದೊಡ್ಡ ಪಾಲು ಸರ್ಕಾರದ ಖಜಾನೆಯಲ್ಲೇ ಬೆರೆತುಹೋಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಇಲ್ಲಿ ಕುಡಿಕೆಯೇ ಇಡಲಿಲ್ಲ.

ವಿಶ್ವಸಂಸ್ಥೆ 2025ರಲ್ಲಿ ಹೊಸ ಲೆಕ್ಕಪದ್ಧತಿ ಒಪ್ಪಿದೆಯಲ್ಲ? ಇನ್ನು ಬರಿದಾದದ್ದನ್ನೂ ವೆಚ್ಚವೆಂದು ಕಳೆಯಬೇಕಂತೆ.

ಎಲ್ಲಿ ಕಳೆಯುತ್ತಾರೆ?

ಎನ್‌ಡಿಪಿಯಲ್ಲಿ. ನಿವ್ವಳ ದೇಶೀಯ ಉತ್ಪನ್ನದಲ್ಲಿ.

ಟಿವಿಯಲ್ಲಿ ಕೂಗುವುದು?

ಜಿಡಿಪಿ.

ಹೋಗಿ ಬಾರಪ್ಪ. ಪಂಪ್ ಶುರುವಾಯಿತು.