ಟಿ ಗೆರೆ ಮಸುಕಾಗಿದೆ, ಮಾರಾಯ್ರೆ!

ತಾಳಗುಪ್ಪಕ್ಕೆ ಬಂದ ರೈಲು ಮುಂದೆ ಹೋಗುವುದಿಲ್ಲ, ಹಳಿ ಅಲ್ಲಿಗೇ ಮುಗಿಯುತ್ತದೆ. ಜೋಗ ನೋಡುವವರೆಲ್ಲ ಬಸ್ಸು, ಜೀಪು ಹುಡುಕಿಕೊಂಡು ಹೊರಟ ಮೇಲೆ ಪ್ಲಾಟ್‌ಫಾರಂ ಬೆಂಚಿನಲ್ಲಿ ಒಬ್ಬರೇ ಉಳಿದರು. ಬೆರಳುದ್ದದ ಬಿಳಿ ಕಾಗದದ ಪಟ್ಟಿ, ಬೆಳ್ಳಿ ಬಣ್ಣದ ಲಕೋಟೆಯೊಳಗೆ. ಮಂಗನ ಕಾಯಿಲೆ ಪತ್ತೆ ಮಾಡುವ ಕೆಲಸಕ್ಕೆ ಅರ್ಜಿ ಹಿಡಿದು ಬಂದಿದ್ದರಂತೆ.

ಲಕೋಟೆಯಿಂದ ಹೊರಗೆ ಬಂದು ಮಾತಾಡಬಹುದಲ್ಲ?

ಬೇಡ ಮಾರಾಯ್ರೆ. ನಿಮ್ಮೂರಿನ ಗಾಳಿಗೆ ಅಡಿಕೆಗೇ ಬೂಸ್ಟು ಹಿಡಿಯುತ್ತದೆ. ನನ್ನ ಮೈಗೆ ತೇವ ತಾಗಿದರೆ ದ್ರವ ಹರಿಯುವ ವೇಗವೇ ಕೆಡುತ್ತದೆ. ಪುಣ್ಯಕ್ಕೆ ನಿಮ್ಮ ಮಂಗನ ಕಾಯಿಲೆ ಹೆಚ್ಚು ಕಾಡುವುದು ಡಿಸೆಂಬರಿನಿಂದ ಮೇ ತನಕ. ಮಳೆಗಾಲದಲ್ಲಿ ನನಗೆ ರಜೆ ಕೊಡಬೇಕು, ಅದನ್ನು ಅರ್ಜಿಯಲ್ಲೇ ಬರೆದಿದ್ದೇನೆ.

ಅನುಭವ?

ನಮ್ಮದು ದೊಡ್ಡ ಮನೆತನ. ಬಸುರು ಹೇಳುವ ಅಕ್ಕ ಎಲ್ಲ ಮೆಡಿಕಲ್ ಶಾಪಿನಲ್ಲೂ ಇದ್ದಾಳೆ, ಆದರೆ ಅವಳು ನೋಡುವುದು ಹಾರ್ಮೋನು. ವೈರಸ್ಸಿನ ಆನುವಂಶಿಕ ಅಕ್ಷರ ಓದುವ ಕವಲು ನಮ್ಮದು. ಅಣ್ಣ ಫೆಲುದಾನ ಹೆಸರು ಕೇಳಿರಬೇಕು. ದೆಹಲಿಯ ಸಿಎಸ್‌ಐಆರ್-ಐಜಿಐಬಿಯ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ತಂಡ ಅವನನ್ನು ಹುಟ್ಟಿಸಿತು. ಸತ್ಯಜಿತ್ ರಾಯ್ ಅವರ ಪತ್ತೇದಾರನ ಹೆಸರನ್ನೇ ಇಟ್ಟರು. ಟಾಟಾದವರ ಕೈ ಸೇರಿ, 2020ರ ಸೆಪ್ಟೆಂಬರಿನಲ್ಲಿ ಕೊರೊನಾ ಪತ್ತೆಗೆ ಸರ್ಕಾರದ ಅನುಮತಿ ಸಿಕ್ಕಿತು. ಸೋಂಕಿದ್ದವರನ್ನು ಹಿಡಿಯುವುದರಲ್ಲಿ ಶೇ. 96, ಇಲ್ಲದವರನ್ನು ಬಿಡುವುದರಲ್ಲಿ ಶೇ. 98 ಎಂದು ಜಾತಕ ಬರೆದರು.

ಯಂತ್ರ ಬೇಡ, ಕಾಗದವೇ ಸಾಕು ಎಂದು ಪತ್ರಿಕೆಯಲ್ಲಿ ಬಂದಿತ್ತು.

(ತುಸು ಕೆಮ್ಮಿ) ಅದು ಪತ್ರಿಕೆಯವರ ಉತ್ಸಾಹ. ಅಣ್ಣನ ಬೆನ್ನಿಗೂ ಪಿಸಿಆರ್ ಯಂತ್ರವೊಂದು ಇತ್ತು. ರಕ್ತದ ಹನಿಯಲ್ಲಿ ವೈರಸ್ಸಿನ ಆರ್‌ಎನ್‌ಎ ಇರುವುದೇ ಚೂರು. ಅದನ್ನು ಡಿಎನ್‌ಎ ಮಾಡಿ, ಕೋಟಿಗಟ್ಟಲೆ ಪ್ರತಿ ತೆಗೆದರೆ ಮಾತ್ರ ನನ್ನ ಕಣ್ಣಿಗೆ ಬೀಳುತ್ತದೆ. ಈಗ ಒಂದೇ ಬಿಸಿಯಲ್ಲಿ ಪ್ರತಿ ತೆಗೆಯುವ ಲ್ಯಾಂಪ್, ಆರ್‌ಪಿಎ ಎಂಬ ವಿಧಾನಗಳಿವೆ. ಅವಕ್ಕೆ ದೊಡ್ಡ ಯಂತ್ರ ಬೇಡ, ಬಿಸಿ ಕಾಪಾಡುವ ಸಣ್ಣ ಪೆಟ್ಟಿಗೆ ಸಾಕು. ಆದರೆ ಅವೂ ಒಮ್ಮೊಮ್ಮೆ ಇಲ್ಲದ್ದನ್ನು ಹೆಚ್ಚಿಸಿ ಕೂಗುತ್ತವೆ. ಅಲ್ಲಿ ಕ್ಯಾಸ್9 ಎಂಬ ಪ್ರೋಟೀನು ಬೇಕು.

ಅದೇನು ಮಾಡುತ್ತದೆ?

ಮಾರ್ಗದರ್ಶಿ ಆರ್‌ಎನ್‌ಎ ಕೈಯಲ್ಲಿ ಹಿಡಿದು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ಅಣ್ಣನಿಗೆ ಆರಿಸಿದ್ದು ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬ್ಯಾಕ್ಟೀರಿಯಾದ ಕ್ಯಾಸ್9. ಅದು ಬಹಳ ಮಡಿ, ಅಕ್ಷರ ತಪ್ಪಿದರೆ ಮುಟ್ಟುವುದು ಅಪರೂಪ. ವೈರಸ್ಸಿನ ತುಣುಕಿಗೆ ಬಯೋಟಿನ್ನಿನ ಬಾಲ, ಮಾರ್ಗದರ್ಶಿಗೆ ಬೇರೊಂದು ಗುರುತು. ಎರಡೂ ಜೊತೆಯಾಗಿ ಬಂದರೆ ಮಾತ್ರ ಚಿನ್ನದ ಕಣಗಳು ನನ್ನ ಮೈಮೇಲಿನ ಟಿ ಗುರುತಿನ ಹತ್ತಿರ ನಿಂತು ಕೆಂಪು ಗೆರೆ ಬರೆಯುತ್ತವೆ. ಚಿನ್ನ ಎಂದೆ ಅಂತ ಕಿವಿ ನೆಟ್ಟಗೆ ಮಾಡಬೇಡಿ, ಅದನ್ನು ಯಾವ ಸೊಸೈಟಿಯೂ ಅಡವು ಇಟ್ಟುಕೊಳ್ಳುವುದಿಲ್ಲ.

ಸಿ ಗೆರೆ?

ಹಾಜರಿ ಪುಸ್ತಕದ ಸಹಿ. ದ್ರವ ಸರಿಯಾಗಿ ಹರಿದಿದೆ, ಕಚೇರಿಗೆ ಬಂದಿದ್ದೇನೆ ಎಂದಷ್ಟೇ ಅರ್ಥ, ಕೆಲಸ ಮಾಡಿದ್ದೇನೆ ಎಂದಲ್ಲ. ನಿಮ್ಮ ಕಡೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಾರದು.

ಟಿ ಗೆರೆ ಮಸುಕಾಗಿ ಬಂದರೆ?

ಅಲ್ಲೇ ಗಲಾಟೆ! ನರ್ಸಮ್ಮ 'ಇದೆ' ಎನ್ನುತ್ತಾರೆ, ಡಾಕ್ಟರು ಕನ್ನಡಕ ಒರೆಸಿಕೊಂಡು 'ಇಲ್ಲ' ಎನ್ನುತ್ತಾರೆ, ರೋಗಿಯ ಮಾವ 'ಅರ್ಧ ಇದೆ' ಎಂದು ರಾಜಿ ಮಾಡಿಸುತ್ತಾರೆ. ಹೇಳಿದ ನಿಮಿಷಕ್ಕೆ ನೋಡದೆ ಊಟ ಮುಗಿಸಿ ಬಂದು ನೋಡಿದರೆ ಒಣಗಿದ ಕಲೆಯೂ ಗೆರೆಯಂತೆ ಕಾಣುತ್ತದೆ. ಅದಕ್ಕೇ ಅಣ್ಣನ ಜೊತೆ ಟಾಪ್ಸೆ ಎಂಬ ಮೊಬೈಲ್ ಆ್ಯಪ್ ಕಳಿಸಿದ್ದರು. ಗೆರೆಯ ದಟ್ಟಣೆಯನ್ನು ಅದೇ ಅಳೆಯುತ್ತದೆ.

ಹಾಗಾದರೆ ಶೇ. 98 ನಂಬಬಹುದು.

ಲೆಕ್ಕ ಹಾಕೋಣ. ಅಣ್ಣನ ಜಾತಕವೇ ನನಗೂ ಇದೆ ಅಂದುಕೊಳ್ಳಿ. ಊರಿನಲ್ಲಿ 1,000 ಜನರಿಗೆ ಪರೀಕ್ಷೆ ಮಾಡಿಸಿದಿರಿ, ನಿಜವಾಗಿ ಕಾಯಿಲೆ ಇರುವುದು 10 ಮಂದಿಗೆ. ಒಂಬತ್ತೋ ಹತ್ತೋ ಜನರನ್ನು ಹಿಡಿಯುತ್ತೇನೆ. ಉಳಿದ 990ರಲ್ಲಿ ಶೇ. 2 ಅಂದರೆ ಸುಮಾರು ಇಪ್ಪತ್ತು ಆರೋಗ್ಯವಂತರ ಮೇಲೂ ಕೆಂಪು ಗೆರೆ ಎಳೆಯುತ್ತೇನೆ. ಪಾಸಿಟಿವ್ ಬಂದ ಮೂವತ್ತರಲ್ಲಿ ಇಪ್ಪತ್ತು ಸುಳ್ಳು! ಅದೇ, ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದು ಜ್ವರ, ಮೈಕೈ ನೋವು ಎಂದು ಮಲಗಿದ 1,000 ಮಂದಿಯಲ್ಲಿ 300 ಜನಕ್ಕೆ ಕಾಯಿಲೆ ಇದ್ದರೆ 288 ನಿಜ ಹಿಡಿದು, 14 ಸುಳ್ಳು ಹೇಳುತ್ತೇನೆ. ಕಾಗದ ಅದೇ, ನಾನೂ ಅದೇ. ಬದಲಾದದ್ದು ನೀವು ಯಾರನ್ನು ಕರೆತಂದಿರಿ ಎನ್ನುವುದು. ಕಾರ್ಯಕ್ರಮ ಉದ್ಘಾಟನೆಯ ದಿನ ಸಿಕ್ಕಿದವರಿಗೆಲ್ಲ ಚುಚ್ಚಿ ಫೋಟೊ ತೆಗೆಸುವ ಆಸೆಯಿದ್ದರೆ ನನ್ನನ್ನು ಕರೆಯಬೇಡಿ.

ಮಂಗನ ಕಾಯಿಲೆ ನಿಮಗೆ ಕಷ್ಟವೇ?

ವೈರಸ್ಸು 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಸಿಕ್ಕಿದ್ದು, ಊರಿನ ಹೆಸರನ್ನೇ ಇಟ್ಟುಕೊಂಡಿದೆ. ಮಂಗ ಸಾಯುತ್ತದೆ, ಉಣುಗು ಕಚ್ಚುತ್ತದೆ, ಹೆಸರು ಕೆಡುವುದು ಮಂಗನದು. ನನಗಿರುವ ತೊಂದರೆ ಬೇರೆ. ಜ್ವರ ಬಂದ ಮೊದಲ ವಾರ ರಕ್ತದಲ್ಲಿ ವೈರಸ್ಸು ಧಾರಾಳ. ಆಮೇಲೆ ಅದು ಇಳಿದು ಪ್ರತಿಕಾಯಗಳು ಏರುತ್ತವೆ, ಅವನ್ನು ಹಿಡಿಯುವುದು ಬೇರೆ ಪರೀಕ್ಷೆ. ಕಷಾಯ, ಮಾತ್ರೆ, ಬಂಧುಗಳ ಸಲಹೆ ಎಲ್ಲ ಮುಗಿಸಿ ಹದಿನೈದನೇ ದಿನ ಬಂದವರಿಗೆ ನಾನು 'ಇಲ್ಲ' ಎಂದರೆ ಬೈಗುಳ ನನಗೆ.

ನಿಮ್ಮನ್ನು ತಂದು ಶಿವಮೊಗ್ಗದ ಪ್ರಯೋಗಾಲಯ ಮುಚ್ಚಿಸುವ ಹುನ್ನಾರ ಇದೆಯಂತೆ?

ಛೆ! ನನ್ನ ಮಾತಿಗೆ ಅವರ ಆರ್‌ಟಿ-ಪಿಸಿಆರ್ ಮುದ್ರೆ ಬೀಳಲೇಬೇಕು. ತಾಳಗುಪ್ಪದಿಂದ ಜೋಗದ ದಾರಿ ಹಿಡಿದು, ಕಾರ್ಗಲ್ ದಾಟಿದರೆ ಅರಳಗೋಡು. 2018-19ರಲ್ಲಿ ಈ ಕಾಯಿಲೆಯಿಂದ ಅಲ್ಲಿ ಎಷ್ಟು ಮನೆಗಳಲ್ಲಿ ಸಾವಾಯಿತು, ಗೊತ್ತಲ್ಲ. ಅಂಥ ಊರಿನಿಂದ ಶಿವಮೊಗ್ಗಕ್ಕೆ ರಕ್ತ ಹೋಗಿ ವರದಿ ಬರುವಷ್ಟರಲ್ಲಿ ಡಾಕ್ಟರು ಕೈಕಟ್ಟಿ ಕೂರಬಾರದು. ಆ ನಡುವಿನ ಹೊತ್ತಿಗಷ್ಟೇ ನನ್ನ ಅರ್ಜಿ.

ಸಂಬಳ?

ಸಂಬಳ ಬೇಡ. ರಕ್ತ ತೆಗೆಯುವವರಿಗೆ ತರಬೇತಿ ಕೊಡಿ. ಪ್ರತಿ ತೆಗೆಯುವ ಕೋಣೆಯನ್ನೂ ನನ್ನನ್ನು ಬಿಚ್ಚುವ ಕೋಣೆಯನ್ನೂ ಬೇರೆ ಇಡಿ. ಒಂದರ ಹನಿ ಇನ್ನೊಂದಕ್ಕೆ ಹಾರಿದರೆ ಊರಿಗೆಲ್ಲ ಪಾಸಿಟಿವ್ ಬರೆದುಬಿಡುತ್ತೇನೆ. ಕಿಟ್ಟಿನ ರಾಸಾಯನಿಕಗಳಿಗೆ ಕರೆಂಟು ಹೋಗದ ಫ್ರಿಜ್ಜೂ ಬೇಕು. ಏನು, ನಗುತ್ತೀರಿ?

ಕೊನೆಯದಾಗಿ ಓದುಗರಿಗೆ?

ಈ ಕಾಯಿಲೆಗೆಂದೇ ಔಷಧಿಯಿಲ್ಲ. ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಿರಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಸುದ್ದಿ ಕೊಡಿ. ಜ್ವರ ಬಂದರೆ ಮಾತ್ರ ನನ್ನನ್ನಾಗಲಿ ಪೇಪರನ್ನಾಗಲಿ ಕಾಯದೆ ಮೊದಲ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ.