ಗಂಗಾಬಲದ ದಡದಲ್ಲಿ ಸಾಷ್ಟಾಂಗ

ಸರೋವರದ ಫೋಟೋ ಚೆನ್ನಾಗಿ ಬರಬೇಕಾದರೆ ಮೊದಲು ಮಲಗಬೇಕು. ಇದು ಸೋಮಾರಿಗಳ ವಾದವೆಂದು ನಮ್ಮ ಮನೆಯಲ್ಲಿ ಅಭಿಪ್ರಾಯವಿದೆ. ಭೌತಶಾಸ್ತ್ರ ಮಾತ್ರ ನನ್ನ ಕಡೆಗಿದೆ. ನೆಟ್ಟಗೆ ಮೇಲಿನಿಂದ ಇಣುಕಿದರೆ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 2ರಷ್ಟನ್ನಷ್ಟೇ ವಾಪಸು ಕೊಡುತ್ತದೆ, ಮಿಕ್ಕಿದ್ದನ್ನು ನುಂಗಿ ಕೂರುತ್ತದೆ. ಕಣ್ಣು ನೀರಿನ ಮಟ್ಟಕ್ಕೆ ಇಳಿದಂತೆಲ್ಲ ಅದರ ಕೈ ಸಡಿಲವಾಗುತ್ತ ಹೋಗಿ, ಕಡೆಗೆ ಬಂದದ್ದನ್ನೆಲ್ಲ ಕೊಟ್ಟುಬಿಡುತ್ತದೆ. ನಿಂತವನಿಗೆ ತಳದ ಕಲ್ಲು, ಮಲಗಿದವನಿಗೆ ಇಡೀ ಪರ್ವತ.

ಪರ್ವತವೆಂದರೆ ಕಾಶ್ಮೀರದ ಹರ್ಮುಖ್, 5,142 ಮೀಟರ್. ಅದರ ಬುಡದ ಗಂಗಾಬಲ ಸರೋವರಕ್ಕೆ ಸೋನಾಮಾರ್ಗ್ ಕಡೆಯಿಂದ ಹೊರಟರೆ ವಿಷನ್‌ಸರ್, ಗಡ್‌ಸರ್, ಸತ್‌ಸರ್ ಎಂದು ಸರದಿಯ ಮೇಲೆ ಸರಗಳನ್ನು ದಾಟುತ್ತ ನಡೆಯಬೇಕು. ಅಲ್ಲಿ ರಸ್ತೆ ಇಲ್ಲ, ಅಂಗಡಿ ಇಲ್ಲ, ಸಿಗ್ನಲ್ ಇಲ್ಲ. ಬೆಂಗಳೂರಿನವರು ಇದ್ದಾರೆ. ಏರು ಹತ್ತಿ ಏದುಸಿರು ಬಿಡುತ್ತಿರುವಾಗ ಬಂಡೆಯ ಹಿಂದಿನಿಂದ ‘ಮಗಾ, ಚಕ್ಲಿ ಉಳಿದಿದ್ಯಾ?’ ಎಂದು ಕೇಳಿಬಂದರೆ ಬೆಚ್ಚಬೇಕಾಗಿಲ್ಲ.

ರಾತ್ರಿ ಬ್ಯಾಟರಿಗಳ ಆರೈಕೆ. ಚಳಿಗೆ ಅವುಗಳೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆಂದು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡೆ. ಮಗ್ಗುಲಾದಾಗಲೆಲ್ಲ ಪಕ್ಕೆಗೆ ಚುಚ್ಚಿ ಕ್ಷೇಮಸಮಾಚಾರ ತಿಳಿಸುತ್ತಿದ್ದವು.

ಬೆಳಗ್ಗೆ ಗಾಳಿ ಏಳುವ ಮೊದಲೇ ದಡದಲ್ಲಿ ಬೋರಲು ಬಿದ್ದೆ. ಬಕರ್ವಾಲರ ಕುರಿಗಳು ನನಗಿಂತ ಮೊದಲೇ ಬಂದುಹೋಗಿದ್ದವೆಂಬುದು ಎದೆಗೆ, ಹೊಟ್ಟೆಗೆ ತಕ್ಷಣ ಮನವರಿಕೆಯಾಯಿತು. ಗಂಗಾಬಲ ಕಾಶ್ಮೀರಿ ಪಂಡಿತರ ಯಾತ್ರಾಸ್ಥಳ. ಹಾಗಾಗಿ ನೀರಿನಂಚಿಗೆ ಹಣೆಯೂರಿ ಬಿದ್ದವನನ್ನು ಕಂಡವರು ಸದ್ದು ತಗ್ಗಿಸಿ ಸುತ್ತುಬಳಸಿ ಹೋದರು. ಒಬ್ಬರಂತೂ ಶೂ ಕಳಚಿದರು. ಅಪರ್ಚರ್ ಬದಲಿಸುತ್ತಿದ್ದೇನೆಂದು ಹೇಳಿ ಯಾರ ಭಕ್ತಿಗೂ ನಾನು ಭಂಗ ತರಲಿಲ್ಲ.

ನೀರು ಗಾಜಾಯಿತು. ಹರ್ಮುಖ್ ತಲೆಕೆಳಗಾಗಿ ನಿಂತ. ಬೆರಳು ಬಟನ್ ಮೇಲೆ ಹೋಗುವಷ್ಟರಲ್ಲಿ ಪುಳಕ್ ಎಂದು ಟ್ರೌಟ್ ಮೀನೊಂದು ಎದ್ದು, ಶಿಖರಕ್ಕೆ ಉಂಗುರ ತೊಡಿಸಿತು. ಕಾಶ್ಮೀರದ ನೀರಿಗೆ ಕಂದು ಟ್ರೌಟನ್ನು ತಂದು ಬಿಟ್ಟವರು ಬ್ರಿಟಿಷರು, 1900ರ ಸುಮಾರಿಗೆ. ಒಬ್ಬ ಕನ್ನಡಿಗನ ಚಿತ್ರ ಕೆಡಿಸಲು ಎಂಥ ದೂರದೃಷ್ಟಿ!

ಪಕ್ಕದಲ್ಲಿ ನಮ್ಮ ತಂಡದ ಗೃಹಸ್ಥರೊಬ್ಬರು ನೆಟ್ಟಗೆ ನಿಂತು, ಲೆನ್ಸಿಗೆ ಪೋಲರೈಸರ್ ಸಿಕ್ಕಿಸಿ ತಿರುಗಿಸುತ್ತಿದ್ದರು. ನೀರಿನ ಹೊಳಪನ್ನು ಕಳೆದು ತಳ ತೋರಿಸುವ ದುಬಾರಿ ಗಾಜು ಅದು. ನಾನು ನೆಲ ಹಿಡಿದು ಬೇಡಿಕೊಂಡ ಪ್ರತಿಬಿಂಬವನ್ನು ಅವರು ದುಡ್ಡು ಕೊಟ್ಟು ಒರೆಸುತ್ತಿದ್ದರು. ಅಂಗಿಯೂ ಶುಭ್ರವಾಗಿತ್ತು.

ಉಂಗುರಗಳು ಅಡಗುವ ಹೊತ್ತಿಗೆ ಸಾಮಾನು ಹೊರುವ ಕುದುರೆ ನೀರಿಗಿಳಿಯಿತು. ಹಿಂದೆಯೇ ಬಂದ ಅದರ ಯಜಮಾನ, ಮಲಗಿರುವುದು ಕುದುರೆಗಾಗಿಯೇ ಎಂದು ತೀರ್ಮಾನಿಸಿ, ಅದರ ಜೂಲು ನೇವರಿಸಿ, ತಾನೂ ಮೀಸೆ ತೀಡಿ ನಿಂತ. ಎದ್ದೇಳುವಷ್ಟು ವ್ಯವಧಾನ ಕೊಡಲಿಲ್ಲ. ತೆಗೆದೆ. ಫೋನ್ ನಂಬರನ್ನೂ ಬರೆಸಿದ.

ಊರಿಗೆ ಬಂದು ಕಳಿಸಿಕೊಟ್ಟೆ. ಈಗ ಅದು ಅವನ ವಾಟ್ಸಾಪ್ ಪ್ರೊಫೈಲ್ ಚಿತ್ರ. ಕುದುರೆ ಗಂಭೀರವಾಗಿದೆ, ಯಜಮಾನ ಅದಕ್ಕಿಂತ ಗಂಭೀರ. ಕ್ಯಾಮೆರಾ ಅಷ್ಟು ಕೆಳಗಿದ್ದುದರಿಂದ ಹರ್ಮುಖ್ ಪರ್ವತ, 5,142 ಮೀಟರೂ ಸೇರಿದಂತೆ, ಕುದುರೆಯ ಹೊಟ್ಟೆಯ ಕೆಳಗೆ ಸಲೀಸಾಗಿ ಹಿಡಿಸಿದೆ.