ಶೀತಸಾಗರಯಾನ ಮಾರ್ಗನಿರ್ಣಯ: ಒಂದು ರಾಮಗಿರೀಯ ವಿವೇಚನೆ

ಪೀಠಿಕೆ

ಹಿಮ ನೋಡಲೆಂದು ಹಡಗು ಹತ್ತುವ ಗೃಹಸ್ಥರು ಯಾವ ಮಾರ್ಗ ಹಿಡಿಯಬೇಕು ಎಂಬ ಪ್ರಶ್ನೆ ಮೊನ್ನೆ ಮೊನ್ನೆ ಹುಟ್ಟಿದ್ದೆಂದು ಟ್ರಾವೆಲ್ ಏಜೆಂಟರು ತಿಳಿದಿದ್ದಾರೆ. ಇದು ಅಜ್ಞಾನ. ಸೆಕೆಯ ಸೀಮೆಯಿಂದ ಹಿಮದ ಸೀಮೆಗೆ ನೋಡತಕ್ಕ ಸ್ಥಳ, ತಂಗತಕ್ಕ ಜಾಗ, ನೀರು ಕುಡಿಯತಕ್ಕ ನದಿಗಳ ಸಮೇತ ಮಾರ್ಗ ಹೇಳಿಕೊಟ್ಟ ಗ್ರಂಥ ಕಾಳಿದಾಸನ ಮೇಘದೂತ. ಅದರಲ್ಲಿ ಶಾಪದಿಂದ ಹೆಂಡತಿಯನ್ನು ಅಗಲಿದ ಯಕ್ಷನೊಬ್ಬ ಅವಳ ಬಳಿಗೆ ದೂತನಾಗಿ ಹೋಗೆಂದು ಮೋಡಕ್ಕೆ ದಾರಿ ಹೇಳುತ್ತಾನೆ. ಹೊರಡುವ ಸ್ಥಳ ರಾಮಗಿರಿ, ತಲುಪುವ ಸ್ಥಳ ಕೈಲಾಸದ ಮಗ್ಗುಲಿನ ಅಲಕಾಪುರಿ. ಆದ್ದರಿಂದ ಈ ಶಾಸ್ತ್ರದಲ್ಲಿ ಮೊದಲು ಬಾಯಿ ಬಿಡುವ ಹಕ್ಕು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯವರದು.

ಸ್ಥಳನಿರ್ಣಯ

ಕಾಳಿದಾಸನ ರಾಮಗಿರಿಯನ್ನು ವ್ಯಾಖ್ಯಾನಕಾರ ಮಲ್ಲಿನಾಥ ಚಿತ್ರಕೂಟವೆಂದ. ವಿದ್ವಾಂಸ ಮಿರಾಶಿಯವರು ನಾಗಪುರದ ಬಳಿಯ ರಾಮಟೇಕ್ ಎಂದರು. ಇಬ್ಬರೂ ಚಿಕ್ಕಜಾಜೂರಿನ ಕಡೆ ರೈಲಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿದವರಲ್ಲ. ನಮ್ಮ ಪಕ್ಷಕ್ಕೆ ಎರಡು ಪ್ರಮಾಣಗಳಿವೆ.

ಒಂದು: ಕಾವ್ಯದಲ್ಲಿ ಗಂಡ ಹೆಂಡತಿ ಬೇರೆಯಾಗಿ ಹಂಬಲಿಸುವುದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸುವ ಪದ್ಧತಿ ಯಾವ ಸೀಮೆಯದೆಂದು ಕೇಳಬೇಕಿಲ್ಲ. ಎರಡು: ಆ ಮೋಡ ಆಮ್ರಕೂಟದ ಕಾಡ್ಗಿಚ್ಚು ಆರುವಷ್ಟು ಸುರಿಯುತ್ತದೆ, ಮುಂದೆ ನರ್ಮದೆಯ ನೀರು ಕುಡಿಯುತ್ತದೆ. ರಾಮಗಿರಿಯಲ್ಲಿ ಮಾತ್ರ ನಿಂತು ಮಾತು ಕೇಳಿಸಿಕೊಂಡು ಉತ್ತರಕ್ಕೆ ಹೊರಟುಬಿಡುತ್ತದೆ. ಮಳೆನೆರಳಿನ ಚಿತ್ರದುರ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ನಂಬಿ ಅಡಿಕೆ ಹಾಕಿದ ಯಾರೂ ಈ ಮೋಡದ ಗುರುತು ಹಿಡಿಯದೆ ಇರಲಾರರು.

ಪೂರ್ವಪಕ್ಷ

‘ನೀರು ನೋಡಲು ಅಷ್ಟು ದೂರ ಯಾಕೆ? ಹಿರಿಯೂರಿನ ಮಾರಿಕಣಿವೆ ಇಲ್ಲವೇ? ತಂಪಿಗೆ ಜೋಗಿಮಟ್ಟಿ ಸಾಲದೇ?’ ಎಂದು ಅಶ್ವತ್ಥಕಟ್ಟೆಯ ನೈಯಾಯಿಕರು ಆಕ್ಷೇಪಿಸುತ್ತಾರೆ. ಉತ್ತರ: 1907ರಲ್ಲಿ ಮುಗಿದ ಈ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತು, ಆಮೇಲೆ ಬಿದ್ದದ್ದು 2022ರಲ್ಲಿ. ಒಮ್ಮೆ 89 ವರ್ಷ ಕಾಯಿಸಿದ ದೃಶ್ಯಕ್ಕೆ ರಜೆಯ ಅರ್ಜಿ ಬರೆಯುವುದು ಕಷ್ಟ. ಜೋಗಿಮಟ್ಟಿಯಲ್ಲಿ ಗಾಳಿಯುಂಟು, ಹಡಗಿಲ್ಲ. ಆಕ್ಷೇಪ ಬಿದ್ದುಹೋಯಿತು.

ಮಾರ್ಗತ್ರಯ ವಿಚಾರ

ಮೊದಲನೆಯದು ಅಲಾಸ್ಕಾ. ಮಗ ಸೊಸೆ ಸಿಯಾಟಲ್‌ನಲ್ಲಿದ್ದರೆ ಇದೇ ಪ್ರಾಪ್ತ. ಇದರಲ್ಲಿ ಎರಡು ಶಾಖೆ: ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಪ್ರದಕ್ಷಿಣ ಶಾಖೆ, ಕೆನಡಾದ ವ್ಯಾಂಕೂವರ್‌ನಲ್ಲಿ ಹತ್ತಿ ಸೀವರ್ಡ್ ಅಥವಾ ವಿಟಿಯರ್‌ನಲ್ಲಿ ಇಳಿಯುವ ಏಕಮುಖ ಶಾಖೆ. ಮೋಡ ಎರಡನೆಯ ಶಾಖೆಯದು. ಅದಕ್ಕೆ ರಿಟರ್ನ್ ಟಿಕೆಟ್ ಇರಲಿಲ್ಲ. ಪ್ರದಕ್ಷಿಣ ಶಾಖೆಯವರಿಗೆ 1886ರ ಅಮೆರಿಕದ ಕಾನೂನೊಂದು ಅಡ್ಡ ಬರುತ್ತದೆ. ವಿದೇಶಿ ಬಾವುಟದ ಹಡಗು ಅಮೆರಿಕದಲ್ಲೇ ಹತ್ತಿಸಿ ಅಮೆರಿಕದಲ್ಲೇ ಇಳಿಸುವುದಾದರೆ ನಡುವೆ ಪರದೇಶದ ಬಂದರೊಂದನ್ನು ಮುಟ್ಟಲೇಬೇಕು. ಹಾಗಾಗಿ ಹಡಗುಗಳು ಹೆಚ್ಚಾಗಿ ಕೆನಡಾದ ವಿಕ್ಟೋರಿಯಾಕ್ಕೆ, ಎಷ್ಟೋ ಸಲ ಕತ್ತಲಾದ ಮೇಲೆ, ಹೋಗಿ ಹಾಜರಿ ಹಾಕುತ್ತವೆ. ಯಕ್ಷನೂ ಮೋಡಕ್ಕೆ ದಾರಿ ಸೊಟ್ಟಗಾದರೂ ಉಜ್ಜಯಿನಿ ನೋಡಿಕೊಂಡು ಹೋಗೆಂದ. ಆದರೆ ಅವನು ಸುತ್ತು ಬಳಸಿಸಿದ್ದು ಅಲ್ಲಿನ ಹೆಂಗಸರ ಕಣ್ಣೋಟಕ್ಕೆ. ಕಾನೂನಿಗೆ ಹೆದರಿ ಸುತ್ತು ಬಳಸುವುದು ಕಾವ್ಯದಲ್ಲಿ ದೋಷ.

ಈ ಮಾರ್ಗದ ಫಲಶ್ರುತಿ ಗ್ಲೇಸಿಯರ್ ಬೇ. 1794ರಲ್ಲಿ ಜಾರ್ಜ್ ವ್ಯಾಂಕೂವರ್‌ನ ತಂಡ ಬಂದಾಗ ಹಿಮ ಕೊಲ್ಲಿಯ ಬಾಯಿಯ ಬಳಿಯೇ ನಿಂತಿತ್ತು. ಈಗ ಸುಮಾರು 100 ಕಿ.ಮೀ. ಹಿಂದೆ ಸರಿದಿದೆ. ಪಂಡಿತರು ಚರ್ಚೆ ಬೆಳೆಸಿದಷ್ಟೂ ದಾರಿ ಉದ್ದವಾಗುವ ಅಪರೂಪದ ಕ್ಷೇತ್ರವಿದು. ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ.

ಎರಡನೆಯದು ನಾರ್ವೆ. ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು. 1893ರಲ್ಲಿ ಟಪಾಲು, ಸರಕು, ಜನ ಹೊತ್ತು ಶುರುವಾದ ಈ ಕರಾವಳಿ ಹಡಗು ನಮ್ಮ ಪ್ಯಾಸೆಂಜರ್ ರೈಲಿನ ಸ್ವಭಾವದ್ದು: ಸಣ್ಣ ಊರೆಂದು ಬಿಡುವುದಿಲ್ಲ, ನಡುರಾತ್ರಿಯಲ್ಲೂ ಗಳಿಗೆ ಹೊತ್ತು ನಿಂತು ಮೂಟೆ ಇಳಿಸಿ ಹೊರಡುತ್ತದೆ. ಹೋಗುವಾಗ ನಿದ್ದೆಯಲ್ಲಿ ತಪ್ಪಿದ ಬಂದರು ಬರುವಾಗ ಹಗಲಲ್ಲಿ ಸಿಗುವಂತೆ ವೇಳಾಪಟ್ಟಿ ಹೊಂದಿಸಿದ್ದಾರೆ. ಕೋಣೆ ಯಾವ ಕಡೆ? ಹೊರಡುವಾಗ ಚಾತಕ ಎಡಗಡೆ ಕೂಗಿತೆಂದು ಯಕ್ಷ ಶುಭ ನುಡಿದ. ಆದರೆ ಉತ್ತರಕ್ಕೆ ಹೋಗುವ ಹಡಗಿಗೆ ನಾರ್ವೆಯ ದಡ ಬಲಕ್ಕೆ. ಆದ್ದರಿಂದ ಶಕುನ ಎಡಕ್ಕಿರಲಿ, ಕೋಣೆ ಬಲಕ್ಕಿರಲಿ.

ಮೂರನೆಯದು ಅಂಟಾರ್ಕ್ಟಿಕಾ. ಅರ್ಜೆಂಟೀನಾದ ಉಶುವಾಯದಿಂದ ಹೊರಟು ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ ಬೇಕು. ಈ ಅವಧಿಯಲ್ಲಿ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುವುದು ಪೂರ್ವಜನ್ಮದ ಪುಣ್ಯ. ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನ ದಡಕ್ಕೆ ಇಳಿಯುವಂತಿಲ್ಲ. ಒಂದು ಬೀಗರೂಟದ ಪಂಕ್ತಿಯೂ ಹಿಡಿಸದ ಈ ಖಂಡಕ್ಕೆ ಸಪರಿವಾರ ಹೋಗುವುದು ಅಶಾಸ್ತ್ರೀಯ. ಮೇಲಾಗಿ ಅಲ್ಲಿನ ಯಾತ್ರಾಕಾಲ ತೆರೆಯುವುದು ಕಾರ್ತಿಕದ ಸುಮಾರಿಗೆ. ಯಕ್ಷನ ಶಾಪ ಮುಗಿಯುವುದೂ ಕಾರ್ತಿಕದಲ್ಲೇ. ಮನೆಗೆ ಹೋಗುವ ಹೊತ್ತಿನಲ್ಲಿ ಧ್ರುವಕ್ಕೆ ಹೋಗು ಎನ್ನುವುದು ಕ್ರೌರ್ಯ.

ಸಿದ್ಧಾಂತ

ಮೇಘದೂತದಲ್ಲಿ ಮಾರ್ಗ ಹೇಳುವವನು ಕೂತಲ್ಲಿಂದ ಕದಲುವುದಿಲ್ಲ. ಹೋಗಬೇಕಾದ ಮೋಡ ಒಂದಕ್ಷರ ಆಡುವುದಿಲ್ಲ. ಕೊನೆಯಲ್ಲಿ ಯಕ್ಷ ಆ ಮೌನವನ್ನೇ ಒಪ್ಪಿಗೆಯೆಂದು ತಿಳಿಯುತ್ತಾನೆ. ಶಾಸ್ತ್ರ ಇಂದಿಗೂ ಹಾಗೇ ನಡೆದಿದೆ. ಸಿಯಾಟಲ್‌ನ ಮಗ ಬಂದರುಗಳ ಪಟ್ಟಿ ಓದಿ ಹೇಳುತ್ತಾನೆ. ಕಟ್ಟೆಯ ಪಂಡಿತರು ಫೋನಿನಲ್ಲೇ ತಿದ್ದುಪಡಿ ಸೂಚಿಸುತ್ತಾರೆ. ಸ್ವೆಟರ್ ಹೊಂದಿಸಿಕೊಳ್ಳಬೇಕಾದ, ಹಡಗಿನಲ್ಲಿ ಮುದ್ದೆ ಸಿಗುತ್ತದೋ ಇಲ್ಲವೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿರುವ, ಮೆಕ್ಕೆಜೋಳಕ್ಕೆ ಎಡೆಕುಂಟೆ ಹೊಡೆಸುವವರಾರೆಂದು ಚಿಂತಿಸುತ್ತಿರುವ ಅಪ್ಪ ಅಮ್ಮ ಸುಮ್ಮನಿದ್ದಾರೆ. ಮಗ ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿದ್ದಾನೆ.

ಆದ್ದರಿಂದ ನಿರ್ಣಯ ಹೀಗೆ: ಕಾನೂನಿನ ಸುತ್ತು ಬೇಡವೆನ್ನುವವರಿಗೆ ವ್ಯಾಂಕೂವರ್, ಊರೂರು ನೋಡಬೇಕೆನ್ನುವವರಿಗೆ ಬರ್ಗೆನ್, ಹೊಟ್ಟೆ ಗಟ್ಟಿಯಿದ್ದವರಿಗೆ ಉಶುವಾಯ. ಮೂರಕ್ಕೂ ಒಂದೇ ಪೂರ್ವಾಂಗ ವಿಧಿ: ದುಡ್ಡು ಕಟ್ಟುವ ಮುಂಚೆ ಮೋಡವನ್ನೂ ಒಂದು ಮಾತು ಕೇಳತಕ್ಕದ್ದು.